ಕೆಮ್ಮುವ ಜೀಪಿನ ಕಾಯಿಲೆ ಹುಡುಕಿದ ಬಗೆ

ಮನೆಯಲ್ಲಿ ಅವಲಕ್ಕಿ ಕುಟ್ಟುತ್ತಿದ್ದ ಕಾಲವನ್ನು ಅಜ್ಜ-ಅಜ್ಜಿಯರು ನೋಡಿದ್ದಾರೆ. ಒಂದೇ ಒರಳಿನ ಸುತ್ತ ಮೂರು-ನಾಲ್ಕು ಮಂದಿ ಹೆಣ್ಣುಮಕ್ಕಳು ಒನಕೆ ಹಿಡಿದು ನಿಲ್ಲುತ್ತಿದ್ದರು. ಒಬ್ಬರ ಒನಕೆ ಇಳಿಯುವಾಗ ಇನ್ನೊಬ್ಬರದು ಏರುತ್ತಿತ್ತು. ಒನಕೆಗೆ ಒನಕೆ ತಾಗುತ್ತಿರಲಿಲ್ಲ, ತಾಳ ತಪ್ಪುತ್ತಿರಲಿಲ್ಲ. ಅವರಲ್ಲಿ ಒಬ್ಬಾಕೆ ದಣಿದು ಕೈ ನಿಲ್ಲಿಸಿದರೆ ಪಡಸಾಲೆಯಲ್ಲಿ ಕಣ್ಣು ಮುಚ್ಚಿ ಕೂತವರಿಗೂ ಗೊತ್ತಾಗುತ್ತಿತ್ತು. ಸದ್ದು ಕುಂಟುತ್ತಿತ್ತು.

ಜೀಪಿನ ಎಂಜಿನ್ ಕೂಡ ಹೀಗೆಯೇ. ಅದರೊಳಗೆ ನಾಲ್ಕು ಸಿಲಿಂಡರುಗಳು, ಅಂದರೆ ನಾಲ್ಕು ಒನಕೆಗಳು. ನಾಲ್ಕೂ ಸರದಿಯಂತೆ ಕೆಲಸ ಮಾಡಿದರೆ ಸದ್ದು ಒಂದೇ ಸಮ. ಒಂದು ಸಿಲಿಂಡರ್ ತನ್ನ ಸರದಿ ತಪ್ಪಿಸಿದರೆ ಗಾಡಿ ನಡುಗುತ್ತದೆ, ಕೆಮ್ಮುತ್ತದೆ, ಏರು ಹತ್ತಲು ಒಲ್ಲೆ ಎನ್ನುತ್ತದೆ. ಗ್ಯಾರೇಜಿನವರು ಇದಕ್ಕೆ 'ಮಿಸ್ಸಿಂಗ್' ಎನ್ನುತ್ತಾರೆ. ಈ ಮಿಸ್ಸಿಂಗ್ ಏಕೆ ಬರುತ್ತದೆ, ಅದನ್ನು ಹುಡುಕುವುದು ಹೇಗೆ ಎಂಬುದನ್ನು ನನ್ನ ಕಣ್ಣೆದುರೇ ರಿಪೇರಿಯಾದ ಒಂದು ಜೀಪಿನ ಉದಾಹರಣೆಯಿಂದ ಹೇಳುತ್ತೇನೆ.

ಒಂದು ಸೆಕೆಂಡಿಗೆ ಎಷ್ಟು ಕಿಡಿ?

ಮಕ್ಕಳೇ, ಮೊದಲು ಎಂಜಿನ್ನಿನ ಒಳಗೆ ಇಣುಕೋಣ. ಸಿಲಿಂಡರ್ ಎಂದರೆ ಕಬ್ಬಿಣದ ಕೊಳವೆ. ಅದರಲ್ಲಿ ಪಿಸ್ಟನ್ ಮೇಲೆ ಕೆಳಗೆ ಓಡಾಡುತ್ತದೆ. ಅದು ಮಾಡುವ ಕೆಲಸ ನಾಲ್ಕು. ಮೊದಲನೆಯದು, ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವನ್ನು ಒಳಗೆ ಎಳೆದುಕೊಳ್ಳುವುದು. ಎರಡನೆಯದು, ಅದನ್ನು ಒತ್ತುವುದು. ಮೂರನೆಯದು, ಒತ್ತಿದ ಮಿಶ್ರಣಕ್ಕೆ ಕಿಡಿ ತಾಗಿ ಉರಿದಾಗ ಆ ಬಲದಿಂದ ಕೆಳಗೆ ತಳ್ಳಿಸಿಕೊಳ್ಳುವುದು. ನಾಲ್ಕನೆಯದು, ಹೊಗೆಯನ್ನು ಹೊರಗೆ ಹಾಕುವುದು. ಜರ್ಮನಿಯ ನಿಕೊಲಾಸ್ ಆಟೊ ಎಂಬಾತ 1876ರಲ್ಲಿ ಇಂಥ ಎಂಜಿನ್ನನ್ನು ಓಡಿಸಿ ತೋರಿಸಿದ. ಇಂದಿನ ಪೆಟ್ರೋಲ್ ಕಾರುಗಳೂ ಇದೇ ನಾಲ್ಕು ಹೆಜ್ಜೆಯಲ್ಲಿ ನಡೆಯುತ್ತವೆ.

ನಾಲ್ಕು ಕೆಲಸಗಳಲ್ಲಿ ಬಲ ಕೊಡುವುದು ಮೂರನೆಯದೊಂದೇ. ಅದಕ್ಕೆ ಬೇಕಾದ ಕಿಡಿ ಹಾರಿಸುವುದು ಸ್ಪಾರ್ಕ್ ಪ್ಲಗ್. ಬೆಂಗಳೂರಿನ ಮೈಕೊ ಕಂಪನಿಯ ಪ್ಲಗ್ಗುಗಳ ಹೆಸರು ಹಿಂದಿನ ಸ್ಕೂಟರ್ ಸವಾರರೆಲ್ಲರ ಬಾಯಲ್ಲಿತ್ತು. ಗಾಡಿ ಚಾಲೂ ಆಗದಿದ್ದರೆ ರಸ್ತೆಯ ಬದಿಗೆ ಕೂತು ಪ್ಲಗ್ ಬಿಚ್ಚಿ ಒರೆಸಿದವರು ಅಜ್ಜಂದಿರಲ್ಲಿ ಬೇಕಾದಷ್ಟು ಮಂದಿ ಸಿಗುತ್ತಾರೆ, ಕೇಳಿ ನೋಡಿ.

ಈಗೊಂದು ಲೆಕ್ಕ. ನಿಂತಲ್ಲಿಯೇ ಓಡುತ್ತಿರುವ ಜೀಪಿನ ಎಂಜಿನ್ ನಿಮಿಷಕ್ಕೆ 600 ಸುತ್ತು ತಿರುಗುತ್ತದೆ ಎನ್ನೋಣ. ಅಂದರೆ ಸೆಕೆಂಡಿಗೆ 10 ಸುತ್ತು. ನಾಲ್ಕು ಸಿಲಿಂಡರಿನ ಎಂಜಿನ್ನಿನಲ್ಲಿ ಪ್ರತಿ ಸುತ್ತಿಗೆ ಎರಡು ಕಿಡಿ. ಹಾಗಾದರೆ ಸೆಕೆಂಡಿಗೆ 20 ಕಿಡಿ, ಒಂದೊಂದು ಸಿಲಿಂಡರಿಗೆ ಐದೈದು. ಒಂದು ಸಿಲಿಂಡರ್ ಸತ್ತರೆ 20ರಲ್ಲಿ 5 ಹೊಡೆತ ಹೋಯಿತು. ರೂಪಾಯಿಗೆ ನಾಲ್ಕಾಣೆ ಖೋತಾ!

ಸಿಲಿಂಡರುಗಳು 1, 2, 3, 4 ಎಂದು ಸಾಲಾಗಿ ಉರಿಯುವುದಿಲ್ಲ. ಜೀಪಿನಲ್ಲಿ ಸರದಿ 1-3-4-2. ಒಂದು ಮತ್ತು ನಾಲ್ಕನೆಯ ಪಿಸ್ಟನ್ ಜೊತೆಯಾಗಿ ಏರುತ್ತವೆ, ಎರಡು ಮತ್ತು ಮೂರನೆಯವು ಜೊತೆಯಾಗಿ ಇಳಿಯುತ್ತವೆ. ಹೊಡೆತ ಸಮನಾಗಿ ಹಂಚಿಹೋಗಲೆಂದು ಈ ಸರದಿ. ಯಾರಿಗೆ ಯಾವಾಗ ಕಿಡಿ ಕೊಡಬೇಕು ಎಂದು ಹಂಚುವುದಕ್ಕೆ ಹಳೆಯ ಗಾಡಿಗಳಲ್ಲಿ ಡಿಸ್ಟ್ರಿಬ್ಯೂಟರ್ ಎಂಬ ಡಬ್ಬಿ ಇರುತ್ತಿತ್ತು. ಊಟದ ಪಂಕ್ತಿಯಲ್ಲಿ ಬಡಿಸುವವನಂತೆ ಅದರೊಳಗಿನ ರೋಟರ್ ಸುತ್ತು ಹಾಕುತ್ತ ಒಂದೊಂದು ವೈರಿಗೂ ಕರೆಂಟ್ ಬಡಿಸುತ್ತ ಹೋಗುತ್ತದೆ. ಬ್ಯಾಟರಿಯ 12 ವೋಲ್ಟನ್ನು ಕಾಯಿಲ್ ಎಂಬ ಸುರುಳಿ ಸಾವಿರಾರು ವೋಲ್ಟಿಗೆ ಏರಿಸಿ ಈ ಡಬ್ಬಿಗೆ ಕೊಡುತ್ತದೆ. ಮನೆಯ ಕರೆಂಟ್ 230 ವೋಲ್ಟ್ ಎಂಬುದು ನೆನಪಿರಲಿ. ಆದ್ದರಿಂದ ಎಂಜಿನ್ ಓಡುವಾಗ ಈ ವೈರುಗಳ ಹತ್ತಿರ ಮಕ್ಕಳು ಕೈ ಒಯ್ಯಲೇಬಾರದು.

ಎರಿ ಮಣ್ಣಿನ ದಾರಿ

ನನ್ನ ತಮ್ಮನ ಹೊಲಮನೆ ಇರುವುದು ನವಲಗುಂದದ ಕಡೆ. ಅಲ್ಲಿನದು ಎರಿ ಭೂಮಿ. ಬೇಸಿಗೆಯಲ್ಲಿ ಕಾಲು ಹೊಗುವಷ್ಟು ಬಿರುಕು ಬಿಡುವ ಆ ಮಣ್ಣು, ಎರಡು ಮಳೆ ಬಿದ್ದರೆ ಅಂಟಾಗುತ್ತದೆ. ಮೋಟಾರ್ ಸೈಕಲ್ಲಿನ ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಮೆತ್ತಿಕೊಂಡು ಗಾಲಿ ತಿರುಗದಂತೆ ಮಾಡುತ್ತದೆ. ತುಪ್ಪರಿಹಳ್ಳ, ಬೆಣ್ಣೆಹಳ್ಳಗಳು ತುಂಬಿದಾಗ ಏನಾಗುತ್ತದೆ ಎಂಬುದು ನಮ್ಮ ಜಿಲ್ಲೆಯವರಿಗೆ ಹೇಳಬೇಕಾಗಿಲ್ಲ. ದೊಡ್ಡ ಹಳ್ಳಕ್ಕೆ ಯಾರೂ ಗಾಡಿ ಇಳಿಸುವುದಿಲ್ಲ, ಇಳಿಸಲೂಬಾರದು. ಆದರೆ ಹೊಲದ ದಾರಿಯಲ್ಲಿ ಮೊಳಕಾಲುದ್ದ ನೀರಿನ ಸಣ್ಣ ಹಳ್ಳವೊಂದನ್ನು ದಿನಾ ದಾಟಲೇಬೇಕು.

ಇಂಥ ದಾರಿಗೆಂದೇ ಹುಟ್ಟಿದ್ದು ಜೀಪು. 1940ರಲ್ಲಿ ಅಮೆರಿಕದ ಸೈನ್ಯ ನಾಲ್ಕೂ ಗಾಲಿ ಎಳೆಯುವ ಹಗುರ ಗಾಡಿ ಬೇಕೆಂದು ಕೇಳಿತು. ಮೊದಲ ಮಾದರಿ ಒಪ್ಪಿಸಲು ಕೊಟ್ಟ ಗಡುವು ಕೇವಲ 49 ದಿನ. ಬ್ಯಾಂಟಮ್ ಎಂಬ ಸಣ್ಣ ಕಂಪನಿ ಆ ಗಡುವಿನೊಳಗೆ ಗಾಡಿ ಒಪ್ಪಿಸಿತು. ಮುಂದೆ ವಿಲ್ಲೀಸ್ ಮತ್ತು ಫೋರ್ಡ್ ಕಂಪನಿಗಳು ಎರಡನೇ ಮಹಾಯುದ್ಧ ಮುಗಿಯುವುದರೊಳಗೆ ಆರು ಲಕ್ಷಕ್ಕೂ ಹೆಚ್ಚು ಜೀಪು ಮಾಡಿದವು. ಸ್ವಾತಂತ್ರ್ಯ ಬಂದ ಹೊಸತರಲ್ಲಿ ಮುಂಬೈಯಲ್ಲಿ ಮಹೀಂದ್ರ ಕಂಪನಿ ವಿಲ್ಲೀಸ್ ಜೀಪುಗಳನ್ನು ಜೋಡಿಸಲು ತೊಡಗಿತು. ಪೊಲೀಸ್, ಅರಣ್ಯ, ನೀರಾವರಿ, ಆರೋಗ್ಯ ಹೀಗೆ ಎಲ್ಲ ಇಲಾಖೆಗಳಲ್ಲೂ ಜೀಪು ಬಂತು. ಹಳ್ಳಿಯಲ್ಲಿ 'ಜೀಪು ಬಂತು' ಎಂದರೆ 'ಸಾಹೇಬರು ಬಂದರು' ಎಂದೇ ಅರ್ಥ.

ತಮ್ಮನದು ಹರಾಜಿನಲ್ಲಿ ಕೊಂಡ ಹಳೆಯ ಪೆಟ್ರೋಲ್ ಜೀಪು. ಅಂಥ ಗಾಡಿಗಳಿಗೆ ಬಹಳ ಮಂದಿ ಡೀಸೆಲ್ ಎಂಜಿನ್ ಕೂಡಿಸಿಕೊಂಡರು. ಅವನು ಮಾತ್ರ ಮೊದಲಿನ ಎಂಜಿನ್ನನ್ನೇ ಉಳಿಸಿಕೊಂಡು ಬಂದಿದ್ದ. ಮಳೆಗಾಲದಲ್ಲಿ ಹಾಲಿನ ಕ್ಯಾನು, ಗೊಬ್ಬರದ ಚೀಲ, ಬಾಣಂತಿ, ಶಾಲೆಯ ಮಕ್ಕಳು ಎಲ್ಲರಿಗೂ ಅದೇ ಗತಿ. ಅವನ ಮೊಮ್ಮಗಳು ಒಂಬತ್ತನೇ ಇಯತ್ತೆ. ಹಳ್ಳದಾಚೆಯ ಊರಿನ ಹೈಸ್ಕೂಲಿಗೆ ಅವಳೂ ಇನ್ನೂ ನಾಲ್ಕೈದು ಮಕ್ಕಳೂ ಮಳೆಗಾಲದುದ್ದಕ್ಕೂ ಅದರಲ್ಲೇ ಹೋಗಿ ಬರುತ್ತಿದ್ದರು.

ಆ ವರ್ಷ ಜುಲೈ ತಿಂಗಳಲ್ಲಿ ಜೀಪು ಕೆಮ್ಮತೊಡಗಿತು. ಒಂದು ದಿನ ಹಳ್ಳದ ಏರು ಹತ್ತದೆ ಹಿಂದಕ್ಕೆ ಜಾರಿತು. ತಮ್ಮ ಗಾಬರಿಯಾಗಿ ಅದನ್ನು ಒಂದು ಗ್ಯಾರೇಜಿಗೆ ಒಯ್ದ. "ಬೋರ್ ಹೋಗೇತ್ರಿ. ಎಂಜಿನ್ ಇಳಿಸಿ ಬಿಚ್ಚಬೇಕು, ಎಪ್ಪತ್ತು ಸಾವಿರ ಆಗ್ತೈತಿ" ಎಂದರಂತೆ. ತಮ್ಮನ ಮಗ ಗುಜರಿಯವನನ್ನು ಕರೆಸಿದ. ಅವನು ಐವತ್ತೈದು ಸಾವಿರ ಹೇಳಿ, ಸೋಮವಾರ ಬಂದು ಒಯ್ಯುತ್ತೇನೆ ಎಂದ. ಜೀಪು ಹೋದ ಮೇಲೆ ಹುಡುಗಿಯನ್ನು ಧಾರವಾಡಕ್ಕೆ, ಸಪ್ತಾಪುರದ ನಮ್ಮ ಮನೆಗೆ ಓದಲು ಕಳಿಸುವುದು ಎಂಬ ಮಾತೂ ಆಯಿತು.

ನಮಗೆ ಅವಳು ಬರುವುದು ಸಂತೋಷವೇ. ಆದರೆ ಅಲ್ಲಿ ಅವಳ ಅಜ್ಜಿಗೆ ಸಕ್ಕರೆ ಕಾಯಿಲೆ, ಕಣ್ಣು ಮಂಜು. ದಿನಾ ಎರಡು ಹೊತ್ತು ಇನ್ಸುಲಿನ್ ಗೆರೆ ನೋಡಿ ಕೊಡುವವಳು ಈ ಹುಡುಗಿಯೇ. "ನಾ ಬಂದ್ರ ಅಜ್ಜಿಗೆ ಸೂಜಿ ಯಾರು ಮಾಡ್ತಾರ, ಸಪ್ತಾಪುರ ಅಜ್ಜಾ?" ಎಂದು ಫೋನಿನಲ್ಲಿ ಕೇಳಿದಳು. ಆ ಪ್ರಶ್ನೆಗೆ ಉತ್ತರ ಸುಲಭವಾಗಿರಲಿಲ್ಲ. ಮಾರುವ ಮೊದಲು ಜೀಪನ್ನು ಒಮ್ಮೆ ಇಲ್ಲಿಗೆ ತಾ, ನಮ್ಮ ಓಣಿಯ ಹಿರಿಯ ಮಿಸ್ತ್ರಿಗೆ ತೋರಿಸೋಣ ಎಂದು ತಮ್ಮನಿಗೆ ಹೇಳಿದೆ. ಗುರುವಾರ ಸಂಜೆ ಕೆಮ್ಮುತ್ತ, ನಡುಗುತ್ತ ಜೀಪು ನಮ್ಮ ಅಂಗಳಕ್ಕೆ ಬಂತು. ಜೊತೆಗೆ ಹುಡುಗಿಯೂ ಬಂದಳು, ಕೈಯಲ್ಲಿ ಒಂದು ನೋಟ್‌ಬುಕ್.

ಒಂಬತ್ತರ ಲೆಕ್ಕ

ಮಿಸ್ತ್ರಿ ಇಲಾಖೆಯ ಜೀಪುಗಳನ್ನು ಬಹಳ ವರ್ಷ ರಿಪೇರಿ ಮಾಡಿದವರು. ಶುಕ್ರವಾರ ಬೆಳಿಗ್ಗೆ ಧಾರವಾಡದ ಜಿಟಿಜಿಟಿ ಮಳೆಯಲ್ಲೇ ಕೊಡೆ ಹಿಡಿದು ಬಂದರು. ಬಂದವರು ಬಾನೆಟ್ ಎತ್ತಲಿಲ್ಲ. "ಯಾವಾಗಿಂದ ಹಿಂಗಾಗೇತಿ? ಯಾವಾಗ ಜಾಸ್ತಿ, ಯಾವಾಗ ಕಮ್ಮಿ?" ಎಂದು ಕೇಳಿದರು.

ತಮ್ಮ ಉತ್ತರ ಹುಡುಕುವುದರೊಳಗೆ ಹುಡುಗಿ ನೋಟ್‌ಬುಕ್ ತೆಗೆದಳು. ಹದಿನೆಂಟು ದಿನಗಳ ಲೆಕ್ಕ ಬರೆದಿದ್ದಳು. ಮಳೆ ಬಂದ ದಿನ ಬೆಳಿಗ್ಗೆ ಪೂರಾ ಕೆಮ್ಮು. ಬಿಸಿಲು ಬಿದ್ದ ಮಧ್ಯಾಹ್ನ ಆಗೊಮ್ಮೆ ಈಗೊಮ್ಮೆ. ಹಳ್ಳ ದಾಟಿದ ಕೂಡಲೇ ಜೋರು. ಮಿಸ್ತ್ರಿ ಅದನ್ನು ಎರಡು ಸಲ ಓದಿ, "ಬೋರ್ ಹೋಗಿದ್ರ ಅದು ಮಳಿ-ಬಿಸಿಲು ನೋಡಂಗಿಲ್ರಿ" ಎಂದರು.

ಈ ಮಾತು ನನಗೆ ಬಹಳ ಹಿಡಿಸಿತು. ಬ್ಯಾಂಕಿನಲ್ಲಿ ಗುಮಾಸ್ತನಾಗಿ ನಾನು ವರ್ಷಗಟ್ಟಲೆ ಮಾಡಿದ ಕೆಲಸವೂ ಇದೇ ಜಾತಿಯದು. ಸಂಜೆ ಖರ್ಚು-ಜಮಾ ಎರಡೂ ಬದಿಯ ಮೊತ್ತ ತಾಳೆಯಾಗದಿದ್ದರೆ ಎಲ್ಲ ಪುಸ್ತಕಗಳನ್ನೂ ಮೊದಲಿನಿಂದ ಬರೆಯುತ್ತ ಕೂಡುವಂತಿರಲಿಲ್ಲ. ಮೊದಲು ವ್ಯತ್ಯಾಸದ ಅಂಕಿಯನ್ನು ನೋಡುತ್ತಿದ್ದೆವು. ಅದು 9ರಿಂದ ಭಾಗವಾದರೆ ಯಾರೋ ಅಂಕಿಗಳನ್ನು ತಿರುವುಮುರುವು ಬರೆದಿರಬಹುದು. 72ರ ಬದಲು 27 ಬರೆದರೆ ವ್ಯತ್ಯಾಸ 45. 81ರ ಬದಲು 18 ಬರೆದರೆ 63. ಎರಡೂ 9ರ ಮಗ್ಗಿಯಲ್ಲೇ ಬರುತ್ತವೆ. ಮಕ್ಕಳೇ, ಬೇರೆ ಅಂಕಿಗಳಿಂದಲೂ ಮಾಡಿ ನೋಡಿ. ವ್ಯತ್ಯಾಸ ಸಮಸಂಖ್ಯೆಯಾಗಿದ್ದರೆ ಅದರ ಅರ್ಧದ ಮೊತ್ತವನ್ನು ಹುಡುಕುತ್ತಿದ್ದೆವು. 500 ರೂಪಾಯಿ ಜಮಾ ಆಗಬೇಕಾದದ್ದು ಖರ್ಚಿನ ಬದಿಗೆ ಹೋದರೆ 1,000 ರೂಪಾಯಿ ವ್ಯತ್ಯಾಸ ಬರುತ್ತದಲ್ಲವೆ? ದೋಷ ತಾನು ಎಲ್ಲಿದ್ದೇನೆಂಬ ಗುರುತನ್ನು ತಾನೇ ಬಿಟ್ಟಿರುತ್ತದೆ. ಅದನ್ನು ಓದದೆ ಪುಸ್ತಕ ಹರಿಯಬಾರದು, ಎಂಜಿನ್ ಬಿಚ್ಚಬಾರದು.

ಸತ್ತ ಸಿಲಿಂಡರ್ ಯಾವುದು?

ಎಂಜಿನ್ ಚಾಲೂ ಮಾಡಿಸಿ ಮಿಸ್ತ್ರಿ ಸೈಲೆನ್ಸರಿನ ಹಿಂದೆ ಒಂದು ಕಾಗದ ಹಿಡಿದರು. ಆರೋಗ್ಯವಂತ ಎಂಜಿನ್ನಿನ ಗಾಳಿಗೆ ಕಾಗದ ಒಂದೇ ಸಮನೆ ಹೊರಕ್ಕೆ ಬಾಗಿ ನಿಲ್ಲುತ್ತದೆ. ಇಲ್ಲಿ ಅದು ಮೂರು ಬಾರಿ ಹೊರಗೆ ಹಾರಿ ಒಂದು ಬಾರಿ ಒಳಕ್ಕೆ ಎಳೆದುಕೊಳ್ಳುತ್ತಿತ್ತು. ಕೆಮ್ಮು ಅಡ್ಡಾದಿಡ್ಡಿ ಬರುತ್ತಿದ್ದರೆ ಪೆಟ್ರೋಲಿನ ಹಾದಿಯಲ್ಲೋ ಪಾಯಿಂಟಿನಲ್ಲೋ, ಅಂದರೆ ನಾಲ್ಕೂ ಸಿಲಿಂಡರಿಗೆ ಸಂಬಂಧಪಟ್ಟ ಜಾಗದಲ್ಲಿ ದೋಷ ಇರುತ್ತಿತ್ತು. ತಾಳ ಹಿಡಿದಂತೆ ಬರುತ್ತಿದ್ದರೆ ಯಾವುದೋ ಒಂದೇ ಸಿಲಿಂಡರ್ ಮಲಗಿದೆ ಎಂದು ಅರ್ಥ.

ಹೊಗೆಯನ್ನೂ ನೋಡಿದರು. ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಸುಡುತ್ತಿದೆ. ಆಗ ಬೋರ್ ಬಗ್ಗೆ ಅನುಮಾನ ಪಡಬಹುದು. ದಟ್ಟ ಬಿಳಿ ಹೊಗೆ ನಿಲ್ಲದೆ ಬಂದರೆ ನೀರು ಸೇರುತ್ತಿದೆ. ಕಪ್ಪು ಹೊಗೆ ಬಂದರೆ ಪೆಟ್ರೋಲ್ ಪೂರ್ತಿ ಉರಿಯುತ್ತಿಲ್ಲ. ಇಲ್ಲಿ ನೀಲಿ ಬಣ್ಣದ ಸುಳಿವಿರಲಿಲ್ಲ. ಕಪ್ಪು ಛಾಯೆ ಇತ್ತು, ಹಸಿ ಪೆಟ್ರೋಲಿನ ವಾಸನೆ ಇತ್ತು.

ಮುಂದಿನದು ಅನುಭವಸ್ಥರು ಮಾತ್ರ ಮಾಡಬೇಕಾದ ಪರೀಕ್ಷೆ. ಎಂಜಿನ್ ಓಡುತ್ತಿರುವಾಗಲೇ, ರಬ್ಬರ್ ಹಿಡಿಕೆಯ ಇಕ್ಕಳದಿಂದ ಒಂದೊಂದೇ ಪ್ಲಗ್ಗಿನ ವೈರು ಕಿತ್ತು ಮತ್ತೆ ಕೂಡಿಸುವುದು. ಹುಡುಗಿಯನ್ನು ಕಟ್ಟೆಯ ಮೇಲೆ ದೂರ ನಿಲ್ಲಿಸಿದೆವು. ಒಂದನೇ ವೈರು ಕಿತ್ತಾಗ ಎಂಜಿನ್ ಮತ್ತಷ್ಟು ಕುಗ್ಗಿತು. ಅಂದರೆ ಅದು ದುಡಿಯುತ್ತಿದೆ. ಎರಡನೆಯದೂ ಹಾಗೆ, ನಾಲ್ಕನೆಯದೂ ಹಾಗೆ. ಮೂರನೆಯದನ್ನು ಕಿತ್ತಾಗ ಏನೂ ಬದಲಾಗಲಿಲ್ಲ. ಮೊದಲೇ ಕೆಲಸ ಬಿಟ್ಟವನನ್ನು ಮನೆಗೆ ಕಳಿಸಿದರೆ ಕಚೇರಿಯ ಕೆಲಸಕ್ಕೆ ಏನು ಧಕ್ಕೆ?

"ಮೂರನೇದು" ಎಂದು ಹುಡುಗಿ ಕಟ್ಟೆಯ ಮೇಲಿಂದಲೇ ಕೂಗಿ ಬರೆದುಕೊಂಡಳು.

ಒಂದೊಂದನ್ನೇ ಬದಲಿಸಿ

ಮೂರನೆಯದು ಎಂದು ಗೊತ್ತಾಯಿತು. ಏಕೆ ಎಂದು ಗೊತ್ತಾಗಬೇಕಲ್ಲ? ಕಾರಣ ಪ್ಲಗ್ ಇರಬಹುದು, ವೈರು ಇರಬಹುದು, ಡಿಸ್ಟ್ರಿಬ್ಯೂಟರ್ ಇರಬಹುದು, ವಾಲ್ವ್ ಇರಬಹುದು, ನಿಜವಾಗಿಯೂ ಬೋರ್ ಇರಬಹುದು. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಗಾಡಿ ಸರಿಹೋಗಬಹುದು. ಆದರೆ ದೋಷ ಯಾವುದರಲ್ಲಿತ್ತು ಎಂಬುದು ಕೊನೆಗೂ ತಿಳಿಯುವುದಿಲ್ಲ, ದುಡ್ಡು ಮಾತ್ರ ಖರ್ಚು. ಮಿಸ್ತ್ರಿಯ ಪದ್ಧತಿ ಎಂದರೆ ಒಂದು ಸಲಕ್ಕೆ ಒಂದೇ ಬದಲಾವಣೆ, ಆಮೇಲೆ ಎಂಜಿನ್ ಚಾಲೂ ಮಾಡಿ ಕೇಳುವುದು.

ಮೂರನೇ ಪ್ಲಗ್ ಬಿಚ್ಚಿದರು. ಸರಿಯಾಗಿ ದುಡಿಯುವ ಪ್ಲಗ್ಗಿನ ತುದಿ ಬಿಸ್ಕೀಟಿನ ಬಣ್ಣಕ್ಕಿರುತ್ತದೆ. ಇದು ಕಪ್ಪಾಗಿ, ಪೆಟ್ರೋಲಿನಲ್ಲಿ ತೊಯ್ದಿತ್ತು. ಪೆಟ್ರೋಲ್ ಒಳಗೆ ಬರುತ್ತಿದೆ, ಉರಿಯುತ್ತಿಲ್ಲ ಎಂಬುದಕ್ಕೆ ಇದು ಸಾಕ್ಷಿ. ಅದನ್ನು ಒರೆಸಿ ಎರಡನೇ ಸಿಲಿಂಡರಿಗೆ ಹಾಕಿ, ಎರಡನೆಯದರ ಪ್ಲಗ್ಗನ್ನು ಮೂರಕ್ಕೆ ಹಾಕಿದರು. ಪ್ಲಗ್ ಕೆಟ್ಟಿದ್ದರೆ ಕೆಮ್ಮು ಎರಡನೇ ಸಿಲಿಂಡರಿಗೆ ಹೋಗಬೇಕಿತ್ತು. ಹೋಗಲಿಲ್ಲ. ಸತ್ತದ್ದು ಮೂರನೆಯದೇ.

ಆಮೇಲೆ ಎರಡು ಮತ್ತು ಮೂರರ ವೈರುಗಳನ್ನು ಎರಡೂ ತುದಿಯಿಂದ ಬಿಚ್ಚಿ ಅದಲುಬದಲು ಮಾಡಿದರು. ಆಗಲೂ ಮೂರನೆಯದೇ ಸತ್ತಿತ್ತು. ವೈರಿನದೂ ತಪ್ಪಿಲ್ಲ.

ಈಗ ಎಪ್ಪತ್ತು ಸಾವಿರದ ಪ್ರಶ್ನೆ. ನಾಲ್ಕೂ ಪ್ಲಗ್ ತೆಗೆದು ಒಂದೊಂದೇ ರಂಧ್ರಕ್ಕೆ ಒತ್ತಡ ಅಳೆಯುವ ಗೇಜು ಹಿಡಿದು ಎಂಜಿನ್ ತಿರುಗಿಸಿದರು. ತಮ್ಮ ಉಸಿರು ಬಿಗಿಹಿಡಿದು ನಿಂತಿದ್ದ. ಬೋರ್ ಸವೆದಿದ್ದರೆ ಅಥವಾ ವಾಲ್ವ್ ಸರಿಯಾಗಿ ಕೂಡದಿದ್ದರೆ ಮೂರನೆಯದರಲ್ಲಿ ಮುಳ್ಳು ಬಹಳ ಕೆಳಗೆ ನಿಲ್ಲುತ್ತದೆ. ಹುಡುಗಿ ಬರೆದುಕೊಂಡ ಅಂಕಿಗಳು ಇವು: 110, 105, 105, 110 ಪೌಂಡ್. ನಾಲ್ಕರ ನಡುವಿನ ವ್ಯತ್ಯಾಸ 10 ಪೌಂಡಿನೊಳಗೆ ಇದ್ದರೆ ಚಿಂತೆಯಿಲ್ಲ ಎಂಬುದು ಈ ಎಂಜಿನ್ನಿನ ಲೆಕ್ಕ. ಇಲ್ಲಿದ್ದದ್ದು ಐದೇ ಪೌಂಡ್.

"ಎಂಜಿನ್ ಗಟ್ಟಿ ಐತ್ರಿ. ಬಿಚ್ಚೋದು ಬ್ಯಾಡ" ಎಂದರು ಮಿಸ್ತ್ರಿ. ತಮ್ಮ ಅಂಗಳದ ಕಲ್ಲಿನ ಮೇಲೆ ಕೂತುಬಿಟ್ಟ.

ಕತ್ತಲಲ್ಲಿ ಕಂಡ ನೀಲಿ ಗೆರೆ

ಪಟ್ಟಿಯಲ್ಲಿ ಉಳಿದದ್ದು ಡಿಸ್ಟ್ರಿಬ್ಯೂಟರ್. ಒಳಗೆ ತಿರುಗುವ ರೋಟರ್ ನಾಲ್ಕಕ್ಕೂ ಒಂದೇ. ಅದು ಕೆಟ್ಟಿದ್ದರೆ ನಾಲ್ಕೂ ಕೆಮ್ಮಬೇಕಿತ್ತು. ಆದ್ದರಿಂದ ಅನುಮಾನ ಮೇಲಿನ ಮುಚ್ಚಳದ ಮೇಲೆ. ಅದರಲ್ಲಿ ಪ್ರತಿ ಸಿಲಿಂಡರಿಗೆ ಬೇರೆ ಬೇರೆ ತೂತು.

ಮಿಸ್ತ್ರಿ ಸಂಜೆ ಏಳೂವರೆಗೆ ಬರುತ್ತೇನೆಂದು ಹೋದರು. ಕತ್ತಲಾದ ಮೇಲೆ ಅಂಗಳದ ದೀಪ ಆರಿಸಿ ಎಂಜಿನ್ ಚಾಲೂ ಮಾಡಿದೆವು. ಮನೆಯಾಕೆ ಇಸ್ತ್ರಿಗೆ ಬಳಸುವ ನೀರು ಚಿಮುಕಿಸುವ ಬಾಟಲಿಯಿಂದ ಅವರು ಮುಚ್ಚಳದ ಮೇಲೆ ಮಂಜಿನಂತೆ ಒಂದೆರಡು ಬಾರಿ ನೀರು ಹಾಯಿಸಿದರು. ಎಂಜಿನ್ ಜೋರಾಗಿ ಕೆಮ್ಮಿತು. ಮುಚ್ಚಳದ ಬುಡದಲ್ಲಿ, ಮೂರನೇ ವೈರಿನ ಕೆಳಗೆ, ಸಣ್ಣ ನೀಲಿ ಕಿಡಿ ಚಟಚಟನೆ ಲೋಹದ ಡಬ್ಬಿಗೆ ಹಾರುತ್ತಿತ್ತು. ಪ್ಲಗ್ಗಿಗೆ ಹೋಗಬೇಕಾದ ಕರೆಂಟ್ ಹತ್ತಿರದ ದಾರಿ ಹಿಡಿದು ಸೋರಿಹೋಗುತ್ತಿತ್ತು.

ಎಂಜಿನ್ ನಿಲ್ಲಿಸಿ, ಬ್ಯಾಟರಿಯ ವೈರು ಬಿಚ್ಚಿ, ಮುಚ್ಚಳ ತೆಗೆದು ಟಾರ್ಚ್ ಬೆಳಕಿನಲ್ಲಿ ನೋಡಿದೆವು. ಹುಡುಗಿಯ ಕಣ್ಣಿಗೇ ಮೊದಲು ಬಿತ್ತು. "ಯಾರೋ ಪೆನ್ಸಿಲ್‌ಲೆ ಗೆರಿ ಎಳದಂಗ ಐತಿ!"

ಅವಳ ಮಾತು ಬಹಳ ಸರಿ. ಇಂಥ ಮುಚ್ಚಳಗಳನ್ನು ಬೇಕಲೈಟ್‌ನಂಥ ಗಟ್ಟಿ ವಸ್ತುವಿನಿಂದ ಮಾಡುತ್ತಾರೆ. 1907ರಲ್ಲಿ ಲಿಯೊ ಬೇಕ್‌ಲೆಂಡ್ ಎಂಬ ವಿಜ್ಞಾನಿ ಕಂಡುಹಿಡಿದದ್ದು ಅದು. ಹಳೆಯ ಮನೆಗಳ ಕಪ್ಪು ಸ್ವಿಚ್ಚುಗಳು, ಹಳೆಯ ಟೆಲಿಫೋನುಗಳು ಅದರವೇ. ಬೇಕಲೈಟ್ ಕರೆಂಟನ್ನು ಬಿಡುವುದಿಲ್ಲ. ಆದರೆ ಮೇಲೆ ಧೂಳು ಕೂತು ಒದ್ದೆಯಾದರೆ ಆ ತೇವದ ಮೇಲೆ ಕಿಡಿ ಹರಿದಾಡುತ್ತದೆ. ಹರಿದ ಜಾಗ ಸುಟ್ಟು ಇಂಗಾಲವಾಗುತ್ತದೆ. ಪೆನ್ಸಿಲ್ ಕಡ್ಡಿಯೂ ಇಂಗಾಲದ್ದೇ, ಅದರಲ್ಲಿ ಕರೆಂಟ್ ಹರಿಯುತ್ತದೆ. ಒಮ್ಮೆ ಕೂದಲೆಳೆಯಷ್ಟು ಗೆರೆ ಬಿದ್ದರೆ ಮುಗಿಯಿತು. ಪ್ರತಿ ಕಿಡಿಯೂ ಅದೇ ಹಾದಿ ಹಿಡಿದು ಗೆರೆಯನ್ನು ಇನ್ನಷ್ಟು ಗಟ್ಟಿ ಮಾಡುತ್ತದೆ. ಮಳೆಯ ದಿನ ಜೋರು, ಬಿಸಿಲಿನ ಮಧ್ಯಾಹ್ನ ಕಡಿಮೆ ಎಂಬ ನೋಟ್‌ಬುಕ್ಕಿನ ಹದಿನೆಂಟು ಸಾಲಿಗೂ ಅಲ್ಲಿ ಉತ್ತರ ಇತ್ತು.

ರಿಪೇರಿ

ಶನಿವಾರ ತಮ್ಮ ಹುಬ್ಬಳ್ಳಿಗೆ ಹೋಗಿ ಹಳೆಯ ಗಾಡಿಗಳ ಸಾಮಾನು ಮಾರುವ ಅಂಗಡಿಯಿಂದ ಹೊಸ ಮುಚ್ಚಳ ಮತ್ತು ರೋಟರ್ ತಂದ. ಎರಡೂ ಸೇರಿ 900 ರೂಪಾಯಿ. ಮಿಸ್ತ್ರಿ ಹಳೆಯ ಮುಚ್ಚಳದ ವೈರುಗಳಿಗೆ ಮೊದಲು ಕಾಗದದ ಚೀಟಿ ಅಂಟಿಸಿ 1, 3, 4, 2 ಎಂದು ಬರೆದು, ಆಮೇಲೆ ಒಂದೊಂದಾಗಿ ಹೊಸದಕ್ಕೆ ಕೂಡಿಸಿದರು. ಈ ಕೆಲಸದಲ್ಲಿ ಒಂದು ವೈರು ಅತ್ತಿತ್ತ ಆದರೂ ಎಂಜಿನ್ ಒದೆಯುತ್ತದೆ.

ಮೊದಲು ಮುಚ್ಚಳ ಮಾತ್ರ ಬದಲಿಸಿ ಚಾಲೂ ಮಾಡಿದರು. ಕಾಗದ ಸೈಲೆನ್ಸರಿನ ಹಿಂದೆ ಒಂದೇ ಸಮನೆ ಬಾಗಿ ನಿಂತಿತು. ಲೆಕ್ಕ ತಾಳೆಯಾಯಿತು! ದೋಷ ಇಲ್ಲಿಯೇ ಇತ್ತೆಂದು ಖಾತ್ರಿಯಾದ ಮೇಲೆ ಉಳಿದ ಸಣ್ಣ ಕೆಲಸಗಳು. ರೋಟರ್ ಹಾಕಿದರು. ಪಾಯಿಂಟ್ ಉಜ್ಜಿ ಅದರ ಸಂದನ್ನು ಅರ್ಧ ಮಿಲಿಮೀಟರಿಗೆ ಕೂಡಿಸಿದರು. ನಾಲ್ಕೂ ಪ್ಲಗ್ ಒರೆಸಿ ಸಂದನ್ನು ಮುಕ್ಕಾಲು ಮಿಲಿಮೀಟರಿಗೆ ಇಟ್ಟರು. ಇದನ್ನು ಅಳೆಯಲು ತೆಳು ಉಕ್ಕಿನ ಪಟ್ಟಿಗಳಿರುವ ಫೀಲರ್ ಗೇಜ್ ಬೇಕು, ಕಣ್ಣಂದಾಜು ನಡೆಯುವುದಿಲ್ಲ. ಕೊನೆಗೆ ಮತ್ತೆ ನೀರು ಚಿಮುಕಿಸಿದರು. ಎಂಜಿನ್ ಕೆಮ್ಮಲಿಲ್ಲ. ಗುಜರಿಯವನಿಗೆ ಬರಬೇಡವೆಂದು ತಮ್ಮ ಅಲ್ಲಿಂದಲೇ ಫೋನ್ ಮಾಡಿದ.

ಮುಚ್ಚಳ ಹೊಸದಾದರೂ ಹಳ್ಳ ಹಳೆಯದೇ ಅಲ್ಲವೆ? ನೀರಿಗೆ ಇಳಿದಾಗ ಮುಂದಿನ ಫ್ಯಾನ್ ನೀರನ್ನು ಎತ್ತಿ ಎಂಜಿನ್ನಿನ ಮೇಲೆ ಎರಚುತ್ತದೆ. ಅದಕ್ಕೆ ಮಿಸ್ತ್ರಿ ಹೇಳಿಕೊಟ್ಟ ಕ್ರಮ ಇದು: ದಡದಲ್ಲಿ ನಿಂತು ನೀರಿನ ಆಳ, ಸೆಳವು ನೋಡು. ಸೆಳವು ಇದ್ದರೆ ಇಳಿಯಲೇಬೇಡ. ನೀರು ಹೆಚ್ಚಿದ್ದರೆ ಫ್ಯಾನ್ ಬೆಲ್ಟ್ ಸಡಿಲಿಸು, ದಾಟಿದ ಮೇಲೆ ಮರೆಯದೆ ಬಿಗಿ ಮಾಡು. ಡಿಸ್ಟ್ರಿಬ್ಯೂಟರಿಗೆ ರಬ್ಬರಿನ ಹೊದಿಕೆ ಕಟ್ಟು. ನಡಿಗೆಯ ವೇಗದಲ್ಲಿ ಹೋಗು. ಸೈನ್ಯದವರಿಗೂ ಈ ತಾಪತ್ರಯ ಇತ್ತು. 1950ರಲ್ಲಿ ಬಂದ ಎಂ38 ಎಂಬ ಸೈನ್ಯದ ಜೀಪಿನಲ್ಲಿ ನೀರು ಹೊಗದ ಡಿಸ್ಟ್ರಿಬ್ಯೂಟರನ್ನೇ ಕೂಡಿಸಿದ್ದರು.

ತವರಿಗೆ ಹೊರಟ ತಾಯಿ

ಗಾಡಿ ರಿಪೇರಿ ಗಂಡಸರ ಕೆಲಸ ಎನ್ನುವವರು ಇದ್ದಾರೆ. ಅವರಿಗೆ ಬರ್ತಾ ಬೆಂಜ್ ಕಥೆ ಹೇಳಬೇಕು. ಜರ್ಮನಿಯ ಕಾರ್ಲ್ ಬೆಂಜ್ ಮೋಟಾರು ಗಾಡಿ ಮಾಡಿದ್ದ. ಅದರಲ್ಲಿ ದೂರ ಪ್ರಯಾಣ ಮಾಡಬಹುದೆಂದು ಜನ ನಂಬುತ್ತಿರಲಿಲ್ಲ. 1888ರ ಆಗಸ್ಟಿನಲ್ಲಿ ಅವನ ಹೆಂಡತಿ ಬರ್ತಾ, ಗಂಡನಿಗೆ ಹೇಳದೆ, ಇಬ್ಬರು ಗಂಡುಮಕ್ಕಳನ್ನು ಕರೆದುಕೊಂಡು ಆ ಗಾಡಿಯಲ್ಲಿ ಮಾನ್‌ಹೈಮ್‌ನಿಂದ ಸುಮಾರು 100 ಕಿ.ಮೀ. ದೂರದ ಫೋರ್ಟ್ಸ್‌ಹೈಮ್‌ಗೆ, ತನ್ನ ತವರಿಗೆ ಹೊರಟಳು. ದಾರಿಯಲ್ಲಿ ಇಂಧನದ ನಳಿಗೆ ಕಟ್ಟಿಕೊಂಡಿತು. ಟೋಪಿಯ ಪಿನ್ನಿನಿಂದ ಚುಚ್ಚಿ ಬಿಡಿಸಿದಳು. ಕಿಡಿಯ ವೈರಿನ ಹೊದಿಕೆ ಸವೆದು ಕರೆಂಟ್ ಸೋರಿತು. ತನ್ನ ಕಾಲುಚೀಲದ ಪಟ್ಟಿ ಬಿಚ್ಚಿ ಸುತ್ತಿದಳು. ಇಂಧನ ಮುಗಿದಾಗ ಔಷಧದ ಅಂಗಡಿಯಿಂದ ಕೊಂಡಳು. ತಮ್ಮನ ಜೀಪಿಗೆ ಬಂದದ್ದೂ ಬರ್ತಾಳ ಗಾಡಿಗೆ ಬಂದದ್ದೂ ಒಂದೇ ಜಾತಿಯ ಕಾಯಿಲೆ: ಕಿಡಿ ಅಡ್ಡದಾರಿ ಹಿಡಿಯುವುದು.

ಹೊಸ ಗಾಡಿಗಳಲ್ಲಿ

ಇಂದಿನ ಪೆಟ್ರೋಲ್ ಗಾಡಿಗಳಲ್ಲಿ ಡಿಸ್ಟ್ರಿಬ್ಯೂಟರ್ ಇಲ್ಲ. ಬಹಳಷ್ಟು ಗಾಡಿಗಳಲ್ಲಿ ಪ್ರತಿ ಪ್ಲಗ್ಗಿನ ತಲೆಯ ಮೇಲೆ ಅದರದೇ ಕಾಯಿಲ್ ಕೂತಿರುತ್ತದೆ. ಮಿಸ್ಸಿಂಗ್ ಆದರೆ ಮುಂದಿನ ಫಲಕದಲ್ಲಿ ಎಂಜಿನ್ ಚಿತ್ರದ ಹಳದಿ ದೀಪ ಹತ್ತುತ್ತದೆ. ಯಂತ್ರ ಜೋಡಿಸಿ ಓದಿದರೆ ಒಂದು ಸಂಕೇತ ಬರುತ್ತದೆ. 'ಪಿ0303' ಬಂದರೆ ಮೂರನೇ ಸಿಲಿಂಡರ್, 'ಪಿ0300' ಬಂದರೆ ಯಾವುದೆಂದು ಗೊತ್ತಿಲ್ಲದ ಅಡ್ಡಾದಿಡ್ಡಿ ಕೆಮ್ಮು. ಆ ದೀಪ ಮಿಣುಕುತ್ತಿದ್ದರೆ ಗಾಡಿ ನಿಲ್ಲಿಸುವುದು ಲೇಸು. ಉರಿಯದ ಪೆಟ್ರೋಲ್ ಸೈಲೆನ್ಸರಿನ ಹಾದಿಯಲ್ಲಿರುವ, ಹೊಗೆ ಶುದ್ಧಮಾಡುವ ದುಬಾರಿ ಭಾಗವನ್ನು ಸುಟ್ಟುಬಿಡುತ್ತದೆ. ಡೀಸೆಲ್ ಎಂಜಿನ್ನಿಗೆ ಕಿಡಿಯೇ ಬೇಡ. ಅಲ್ಲಿ ಕೆಮ್ಮು ಬಂದರೆ ಡೀಸೆಲ್ ನಳಿಗೆಯಲ್ಲಿ ಗಾಳಿ ಸೇರಿದೆಯೇ, ಇಂಜೆಕ್ಟರ್ ಕಟ್ಟಿಕೊಂಡಿದೆಯೇ ಎಂದು ನೋಡುತ್ತಾರೆ.

ಇಷ್ಟಾದರೂ ಸಂಕೇತ ಹೇಳುವುದು ಯಾವ ಸಿಲಿಂಡರ್ ಎಂಬುದನ್ನಷ್ಟೇ. ಪ್ಲಗ್ಗೋ, ಕಾಯಿಲ್ಲೋ, ಇಂಜೆಕ್ಟರೋ ಎಂಬುದನ್ನು ಈಗಲೂ ಅದಲುಬದಲು ಮಾಡಿಯೇ ತಿಳಿಯಬೇಕು. ಮೂರರ ಕಾಯಿಲ್ಲನ್ನು ಎರಡಕ್ಕೆ ಹಾಕಿದಾಗ ಸಂಕೇತವೂ 'ಪಿ0302' ಆದರೆ ಕಳ್ಳ ಸಿಕ್ಕ.

ಅಜ್ಜ-ಅಜ್ಜಿಯರೇ, ಮನೆಯಲ್ಲಿ ಗಾಡಿಯೋ ಪಂಪ್‌ಸೆಟ್ಟೋ ಮಿಕ್ಸಿಯೋ ಕೆಟ್ಟರೆ ಗ್ಯಾರೇಜಿಗೆ ಒಯ್ಯುವ ಮೊದಲು ಮೊಮ್ಮಕ್ಕಳ ಕೈಗೆ ಒಂದು ನೋಟ್‌ಬುಕ್ ಕೊಡಿ. ಯಾವ ದಿನ, ಯಾವ ಹೊತ್ತು, ಮಳೆಯೋ ಬಿಸಿಲೋ, ಸದ್ದು ಹೇಗಿತ್ತು ಎಂಬ ನಾಲ್ಕು ಕಲಮು ಸಾಕು. ರಿಪೇರಿ ಮಾಡುವವರಿಗೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ.

ಮಕ್ಕಳೇ, ನಿಮಗೊಂದು ಲೆಕ್ಕ. ನಾಲ್ಕು ಸಿಲಿಂಡರಿನ ಜೀಪು ನಿಮಿಷಕ್ಕೆ 1,800 ಸುತ್ತಿನಲ್ಲಿ ಓಡುತ್ತಿದೆ. ಸೆಕೆಂಡಿಗೆ ಎಷ್ಟು ಕಿಡಿ ಹಾರಬೇಕು? ಮೂರನೇ ಸಿಲಿಂಡರ್ ಸತ್ತಿದ್ದರೆ ಕೆಲಸಕ್ಕೆ ಬರುವ ಕಿಡಿ ಎಷ್ಟು? ಮೊದಲನೆಯದಕ್ಕೆ 60, ಎರಡನೆಯದಕ್ಕೆ 45 ಎಂದು ಬಂದರೆ ನಿಮ್ಮ ಲೆಕ್ಕ ತಾಳೆಯಾಗಿದೆ. ಬೇರೆ ಬಂದರೆ ಎಷ್ಟು ವ್ಯತ್ಯಾಸ ಎಂದು ಮೊದಲು ನೋಡಿ, ಆಮೇಲೆ ಹುಡುಕಿ.